ಲಾಯದಲ್ಲಿ ಮಲಗಿದ ಕವಿ

ಪುಲಿಟ್ಜರ್ ಪ್ರಶಸ್ತಿ ಮನೆಗೆ ಬಂದರೂ ಕುದುರೆಗೆ ಹುಲ್ಲು ಹಾಕುವ ಹೊತ್ತು ಬದಲಾಗುವುದಿಲ್ಲ. ಅಮೆರಿಕದ ಕವಿ ಮತ್ತು ಅಧ್ಯಾಪಕಿ ಮ್ಯಾಕ್ಸೀನ್ ಕ್ಯೂಮಿನ್ ಲದ್ದಿ ಬಾಚುತ್ತ ಕವಿತೆ ಕಟ್ಟಿದರು, ತಾವೇ ಸಾಕಿದ ಕುದುರೆ ಬೆದರಿ ಓಡಿದಾಗ ಕುತ್ತಿಗೆ ಮುರಿದುಕೊಂಡರು, ಮತ್ತೆ ಎದ್ದು ಲಾಯಕ್ಕೇ ಹೋದರು. ಅವರು ಹುಟ್ಟಿ ನೂರು ವರ್ಷ ತುಂಬಿದ ನೆಪದಲ್ಲಿ ಆ ದಿನಚರಿಯತ್ತ ಒಂದು ನೋಟ.

ನಡುರಾತ್ರಿ ಕಳೆದಿದೆ. ಹಳೆಯ ಮರದ ಲಾಯ. ಒಂದು ಅಂಕಣದಲ್ಲಿ ಗಬ್ಬದ ಕುದುರೆ. ದಿನ ತುಂಬಿ ಹತ್ತು ದಿನ ಮೇಲಾಗಿದೆ, ಇನ್ನೂ ಈದಿಲ್ಲ. ನಿದ್ದೆಯಲ್ಲೇ ಏದುಸಿರು ಬಿಡುತ್ತದೆ, ನರಳುತ್ತದೆ, ಮಗ್ಗುಲು ಬದಲಿಸುತ್ತದೆ.

ಅಂಕಣದ ಬಾಗಿಲ ಹೊರಗೆ, ನೆಲದ ಮೇಲೆ, ಸ್ಲೀಪಿಂಗ್ ಬ್ಯಾಗಿನೊಳಗೆ ಒಬ್ಬ ಹೆಂಗಸು. ವಯಸ್ಸು ಅರವತ್ತರ ಆಸುಪಾಸು. ಮನೆಯಲ್ಲಿ ಬೆಚ್ಚನೆಯ ಹಾಸಿಗೆಯಿದೆ. ಆದರೆ ಈ ಕೆಲವು ರಾತ್ರಿ ಆಕೆಯ ಮಲಗುವ ಕೋಣೆ ಇದೇ. ಹೊರಗೆ ಇಲಿ ಸರಿದಾಡಿದ ಸದ್ದು, ಒಳಗೆ ಕುದುರೆಯ ಉಸಿರು. ಎರಡನ್ನೂ ಬೇರೆ ಬೇರೆಯಾಗಿ ಕೇಳಿಸಿಕೊಳ್ಳುತ್ತ ಆಕೆ ಅರೆನಿದ್ದೆಯಲ್ಲಿ ಕಾಯುತ್ತಾರೆ.

ಕಾಯಲೇಬೇಕು. ಹೆಣ್ಣು ಕುದುರೆ ಹೆಚ್ಚಾಗಿ ಈಯುವುದು ರಾತ್ರಿ ಹೊತ್ತು, ಸುತ್ತ ಯಾರೂ ಇಲ್ಲ ಎನಿಸಿದಾಗ. ನೋವು ಜೋರಾದ ಮೇಲೆ ಎಲ್ಲ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಮರಿಯ ಕಾಲು ಅಡ್ಡ ಸಿಕ್ಕಿಕೊಂಡರೆ ಆ ಅರ್ಧ ಗಂಟೆಯಲ್ಲಿ ಯಾರಾದರೂ ಹತ್ತಿರ ಇರಬೇಕು. ಬೆಳಗ್ಗೆ ಬಂದು ನೋಡುತ್ತೇನೆ ಎನ್ನುವವರಿಗೆ ತಾಯಿ, ಮರಿ ಎರಡೂ ಉಳಿಯದೆ ಹೋಗಬಹುದು.

ಆ ಹೆಂಗಸು ಮ್ಯಾಕ್ಸೀನ್ ಕ್ಯೂಮಿನ್. ಈ ಜಾಗರಣೆಯನ್ನೇ ಅವರು ‘ಸ್ಲೀಪಿಂಗ್ ವಿತ್ ಅನಿಮಲ್ಸ್’ ಎಂಬ ಕವಿತೆಯಾಗಿಸಿದರು. 1989ರ ‘ನರ್ಚರ್’ ಸಂಕಲನದಲ್ಲಿ ಅದಿದೆ. ಕವಿತೆ ಬರೆಯುವ ಹೊತ್ತಿಗೆ ಅವರು ಪುಲಿಟ್ಜರ್ ಪಡೆದು ಎಷ್ಟೋ ವರ್ಷ ಕಳೆದಿತ್ತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಕಾವ್ಯ ಸಲಹೆಗಾರ್ತಿಯಾಗಿ ದುಡಿದದ್ದೂ ಆಗಿತ್ತು. ಪ್ರಿನ್ಸ್‌ಟನ್, ಕೊಲಂಬಿಯಾ, ಬ್ರಾಂಡೈಸ್‌ನಂಥ ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳಿ ಬಂದಿದ್ದರು.

2025ರ ಜೂನ್ 6ಕ್ಕೆ ಅವರು ಹುಟ್ಟಿ ನೂರು ವರ್ಷ ತುಂಬಿತು. ಇಂಥ ಸಂದರ್ಭದಲ್ಲಿ ಪ್ರಶಸ್ತಿಗಳ ಪಟ್ಟಿ ಹೇಗೂ ಮುಂದೆ ಬರುತ್ತದೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅವರ ಬೆಳಗು, ಮಧ್ಯಾಹ್ನ, ಸಂಜೆ. ಬಕೆಟ್ಟು, ಗುದ್ದಲಿ, ಲಗಾಮು, ಕಾಗದ, ತರಗತಿ ಒಂದೇ ದಿನದೊಳಗೆ ಹೊಂದಿಕೊಂಡ ಬಗೆ. ಕುದುರೆಯ ಮೇಲಿನ ಪ್ರೀತಿ ಅವರಲ್ಲಿ ಮಾತಿಗಿಂತ ಹೆಚ್ಚು ಕೆಲಸವಾಗಿ ಬದುಕಿತ್ತು. ಆ ಕೆಲಸವೇ ಅವರ ಬರವಣಿಗೆಯನ್ನೂ, ಒಂದೆರಡು ಸಲ ಅವರ ಜೀವವನ್ನೂ ಹಿಡಿದು ನಿಲ್ಲಿಸಿತು ಎಂದು ನಾನು ನಂಬಿದ್ದೇನೆ.

ಐದು ಡಾಲರಿನ ನಾಲ್ಕು ಸಾಲು

ಹುಟ್ಟಿದ್ದು ಫಿಲಡೆಲ್ಫಿಯಾದ ಜರ್ಮನ್‌ಟೌನ್‌ನಲ್ಲಿ, ಯಹೂದಿ ಮನೆತನದಲ್ಲಿ. ಅಪ್ಪನದು ಗಿರವಿ ಅಂಗಡಿ. ಪಕ್ಕದಲ್ಲೇ ಕ್ರೈಸ್ತ ಸನ್ಯಾಸಿನಿಯರ ಕಾನ್ವೆಂಟ್ ಇದ್ದುದರಿಂದ ಯಹೂದಿ ಹುಡುಗಿಯ ಮೊದಲ ಅಕ್ಷರಾಭ್ಯಾಸ ಅಲ್ಲಿಯೇ ನಡೆಯಿತು. ಚಿಕ್ಕಂದಿನಿಂದಲೂ ಎರಡು ಹುಚ್ಚು: ಈಜು ಮತ್ತು ಕುದುರೆ. ಈಜಿನಲ್ಲಿ ಕಾಲೇಜು ತಂಡದವರೆಗೂ ಹೋದರು. ಕುದುರೆಯ ಆಸೆ ಪೂರ್ತಿ ಕೈಗೂಡಲು ನಡುವಯಸ್ಸಿನ ತನಕ ಕಾಯಬೇಕಾಯಿತು.

ರ‍್ಯಾಡ್‌ಕ್ಲಿಫ್ ಕಾಲೇಜಿನ ಮೊದಲ ವರ್ಷದಲ್ಲಿ ತಾವು ಬರೆದ ಕವಿತೆಗಳನ್ನು ಅಧ್ಯಾಪಕರೊಬ್ಬರ ಕೈಗಿತ್ತರು. ಅವರು ಮುಂದೆ ದೊಡ್ಡ ಕಾದಂಬರಿಕಾರರಾದವರು. ಕವಿತೆ ಬರೆಯುವ ಗೋಜಿಗೆ ಮಾತ್ರ ಹೋಗಬೇಡ ಎಂಬ ಅರ್ಥದ ಟಿಪ್ಪಣಿ ಬರೆದು ಹಿಂದಿರುಗಿಸಿದರು. ಹುಡುಗಿ ಕವಿತೆ ಬರೆಯುವುದನ್ನು ವರ್ಷಗಟ್ಟಲೆ ಬಿಟ್ಟೇಬಿಟ್ಟಳು. ಮುಂದೆ ತಾವೇ ಅಧ್ಯಾಪಕಿಯಾದಾಗ ಕ್ಯೂಮಿನ್ ಈ ಪ್ರಸಂಗವನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಹದಿನೇಳರ ಹರೆಯದಲ್ಲಿ ಬಿದ್ದ ಮಾತಿನ ಪೆಟ್ಟು ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

1946ರಲ್ಲಿ ಪದವಿ, ಅದೇ ವರ್ಷ ಮದುವೆ. ಗಂಡ ವಿಕ್ಟರ್ ಕ್ಯೂಮಿನ್ ಎಂಜಿನಿಯರು; ಯುದ್ಧಕಾಲದಲ್ಲಿ ಲಾಸ್ ಅಲಮಾಸ್‌ನ ಅಣುಬಾಂಬ್ ಯೋಜನೆಯಲ್ಲಿ ಸೈನಿಕನಾಗಿ ಕೆಲಸ ಮಾಡಿದವರು. ಬಾಸ್ಟನ್ ಪಕ್ಕದ ನ್ಯೂಟನ್‌ನಲ್ಲಿ ಮನೆ. ಮೂರು ಮಕ್ಕಳು.

ಮೂರನೆಯ ಮಗು ಹೊಟ್ಟೆಯಲ್ಲಿದ್ದಾಗ, 1953ರಲ್ಲಿ, ಪತ್ರಿಕೆಗಳಿಗೆ ಹಗುರವಾದ ಚುಟುಕ ಬರೆಯಲು ಕುಳಿತರು. ಮಗು ಹುಟ್ಟುವುದರೊಳಗೆ ಒಂದೂ ಅಚ್ಚಾಗದಿದ್ದರೆ ಕೈಬಿಡುವುದು ಎಂದು ತಮಗೆ ತಾವೇ ಗಡುವು ಹಾಕಿಕೊಂಡಿದ್ದರು. ‘ಕ್ರಿಶ್ಚಿಯನ್ ಸೈನ್ಸ್ ಮಾನಿಟರ್’ ಪತ್ರಿಕೆ ನಾಲ್ಕು ಸಾಲು ತೆಗೆದುಕೊಂಡು ಐದು ಡಾಲರ್ ಕಳಿಸಿತು.

ಇನ್ನೊಂದು ದೊಡ್ಡ ಪತ್ರಿಕೆ ಇವರ ಪದ್ಯ ಒಪ್ಪಿಕೊಂಡಿತು, ಆದರೆ ಒಂದು ಷರತ್ತಿತ್ತು. ಪದ್ಯ ಇವರದೇ ಸ್ವಂತ ರಚನೆ ಎಂದು ಗಂಡ ಕೆಲಸ ಮಾಡುವ ಕಂಪನಿಯವರು ಪತ್ರ ಬರೆದುಕೊಡಬೇಕಿತ್ತು! ಐವತ್ತರ ದಶಕದ ಅಮೆರಿಕದಲ್ಲಿ ಗೃಹಿಣಿಯೊಬ್ಬಳ ಕವಿತೆಗೆ ಆಕೆಯ ಸಹಿ ಸಾಲುತ್ತಿರಲಿಲ್ಲ.

ಕೆಳಗಿಡದ ಫೋನು

1957ರಲ್ಲಿ ಬಾಸ್ಟನ್ನಿನ ವಯಸ್ಕರ ಶಿಕ್ಷಣ ಕೇಂದ್ರದಲ್ಲಿ ಕವಿ ಜಾನ್ ಹೋಮ್ಸ್ ಸಂಜೆ ತರಗತಿ ನಡೆಸುತ್ತಿದ್ದರು. ಕ್ಯೂಮಿನ್ ಸೇರಿಕೊಂಡರು. ಅದೇ ತರಗತಿಗೆ ನ್ಯೂಟನ್ನಿನ ಇನ್ನೊಬ್ಬ ಗೃಹಿಣಿಯೂ ಬಂದಳು, ಹೆಸರು ಆ್ಯನ್ ಸೆಕ್ಸ್‌ಟನ್. ಇಪ್ಪತ್ತನೆಯ ಶತಮಾನದ ಇಂಗ್ಲಿಷ್ ಕಾವ್ಯದಲ್ಲಿ ಈ ಇಬ್ಬರ ಗೆಳೆತನಕ್ಕೆ ಸಾಟಿಯಾದದ್ದು ಕಡಿಮೆ.

ಇಬ್ಬರೂ ತಮ್ಮ ತಮ್ಮ ಮನೆಗೆ ಎರಡನೆಯ ಫೋನ್ ಲೈನ್ ಹಾಕಿಸಿಕೊಂಡರು. ಬೆಳಗ್ಗೆ ಕರೆ ಹೋದರೆ ಗಂಟೆಗಟ್ಟಲೆ ರಿಸೀವರ್ ಕೆಳಗಿಡುತ್ತಿರಲಿಲ್ಲ. ಒಬ್ಬರು ಬಟ್ಟೆ ಒಗೆಯಲು, ಇನ್ನೊಬ್ಬರು ಸಾಲು ತಿದ್ದಲು ಹೋಗುವರು. ಬರೆದದ್ದು ಓದಿ ಹೇಳಬೇಕೆನಿಸಿದಾಗ ಫೋನಿನೊಳಗೆ ಶಿಳ್ಳೆ ಹೊಡೆದು ಕರೆಯುವರು. ಮಕ್ಕಳಿಗಾಗಿ ನಾಲ್ಕು ಪುಸ್ತಕಗಳನ್ನು ಜೊತೆಯಾಗಿ ಬರೆದರು.

ಕವಿತೆಯಲ್ಲಿ ಮಾತ್ರ ಇಬ್ಬರ ದಾರಿ ಬೇರೆ. ಸೆಕ್ಸ್‌ಟನ್ ತನ್ನೊಳಗಿನ ಬೆಂಕಿಯನ್ನೇ ಬಗೆದು ಬರೆದರು. ಕ್ಯೂಮಿನ್ನರ ಕಣ್ಣು ಹೊರಗಿನ ಮಣ್ಣು, ಬೇರು, ಪ್ರಾಣಿಗಳತ್ತ ಹೊರಳಿತು. ಆ ಹೊರಳುವಿಕೆಗೆ ಒಂದು ಜಾಗದ ಹೆಸರಿದೆ.

ಬೆಟ್ಟದ ಮೇಲಿನ ಹಾಳು ತೋಟ

1963ರಲ್ಲಿ ಕ್ಯೂಮಿನ್ ದಂಪತಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ವಾರ್ನರ್ ಎಂಬ ಹಳ್ಳಿಯಲ್ಲಿ ಪಾಳುಬಿದ್ದ ಹಳೆಯ ಹೈನುಗಾರಿಕೆ ತೋಟವೊಂದನ್ನು ಕೊಂಡರು. ಮಣ್ಣು ರಸ್ತೆಯ ಕೊನೆಯಲ್ಲಿ, ಬೆಟ್ಟದ ಮೇಲೆ. ದನ ಮೇಯುತ್ತಿದ್ದ ಬಯಲನ್ನು ಕಾಡು ನುಂಗಿತ್ತು. ತೋಟಕ್ಕೆ ‘ಪೋಬಿಜ್ ಫಾರ್ಮ್’ ಎಂದು ಹೆಸರಿಟ್ಟರು.

ಮೊದಮೊದಲು ವಾರದ ಕೊನೆಗೆ, ಬೇಸಿಗೆ ರಜೆಗೆ ಬಂದು ಹೋಗುವ ಜಾಗ ಅದು. ಬರಬರುತ್ತ ಕುದುರೆಗಳು ಬಂದವು. ಕುದುರೆ ಬಂದ ಮೇಲೆ ಯಜಮಾನರು ಊರಲ್ಲಿ, ತೋಟ ಬೆಟ್ಟದಲ್ಲಿ ಎಂಬ ಏರ್ಪಾಡು ಬಹಳ ದಿನ ನಡೆಯುವಂಥದ್ದಲ್ಲ. 1976ರಲ್ಲಿ ಗಂಡ ಹೆಂಡತಿ ನಗರ ಬಿಟ್ಟು ಪೂರ್ತಿಯಾಗಿ ಅಲ್ಲಿಗೇ ಹೋದರು. ಮರ ಕಡಿದು ಹುಲ್ಲುಗಾವಲು ಬಿಡಿಸಿದರು, ಬೇಲಿ ನೆಟ್ಟರು, ಕೊಳ ತೋಡಿಸಿದರು. ತರಕಾರಿ ಬೆಳೆದು ಚಳಿಗಾಲಕ್ಕೆಂದು ಬಾಟಲಿಯಲ್ಲಿ ಕೆಡದಂತೆ ತುಂಬಿಟ್ಟರು. ಮೇಪಲ್ ಮರದ ರಸ ಇಳಿಸಿ ಕಾಯಿಸಿ ಪಾಕ ಮಾಡಿದರು. ಅರಬ್ಬಿ ತಳಿಯ ಕುದುರೆ ಸಾಕಿ ಮರಿ ಮಾಡಿಸಿದರು. ಯಾರಿಗೂ ಬೇಡವಾದ ಕುದುರೆ, ನಾಯಿಗಳಿಗೂ ಅಲ್ಲಿ ಜಾಗ ಸಿಕ್ಕಿತು.

ಈ ತೋಟದ ಮಣ್ಣಿನಿಂದಲೇ ಎದ್ದ ಸಂಕಲನ ‘ಅಪ್ ಕಂಟ್ರಿ’. 1972ರಲ್ಲಿ ಬಂತು, ಮರುವರ್ಷ ಅದಕ್ಕೆ ಪುಲಿಟ್ಜರ್.

ಕುದುರೆ ಕಾಯುವುದಿಲ್ಲ

ನ್ಯೂ ಹ್ಯಾಂಪ್‌ಶೈರ್‌ನ ಜನವರಿ ಎಂದರೆ ಸೊನ್ನೆಗಿಂತ ಎಷ್ಟೋ ಡಿಗ್ರಿ ಕೆಳಗೆ. ಲಾಯದ ಬಕೆಟ್ಟಿನ ನೀರು ರಾತ್ರಿಯಲ್ಲಿ ಕಲ್ಲಾಗಿರುತ್ತದೆ. ಕುದುರೆ ಸಾಕಿದವರ ಬೆಳಗು ಅಲ್ಲಿ ಆ ಮಂಜುಗಡ್ಡೆ ಒಡೆಯುವುದರಿಂದ ಶುರು. ತೀರಾ ತಣ್ಣಗಿನ ನೀರನ್ನು ಕುದುರೆ ಸಾಕಷ್ಟು ಕುಡಿಯುವುದಿಲ್ಲ. ನೀರು ಕಡಿಮೆಯಾದರೆ ಹೊಟ್ಟೆಯೊಳಗಿನ ಒಣಹುಲ್ಲು ಗಂಟು ಕಟ್ಟುತ್ತದೆ. ಹೊಟ್ಟೆಶೂಲೆ ಬಂದ ಕುದುರೆ ಒಂದೇ ದಿನದಲ್ಲಿ ಸಾಯಬಹುದು. ಹಾಗಾಗಿ ಕೈ ಮರಗಟ್ಟಿದರೂ ಮನೆಯಿಂದ ಬಿಸಿನೀರು ಹೊರಬೇಕು.

ಆಮೇಲೆ ಒಣಹುಲ್ಲು. ಕುದುರೆಯ ಜಠರ ಅದರ ಮೈಗೆ ಹೋಲಿಸಿದರೆ ಚಿಕ್ಕದು. ಹಸುವಿನಂತೆ ಒಮ್ಮೆಲೇ ತಿಂದು ಮಲಗಿ ಮೆಲುಕು ಹಾಕುವ ಸೌಲಭ್ಯ ಅದಕ್ಕಿಲ್ಲ. ದಿನವಿಡೀ ಸ್ವಲ್ಪ ಸ್ವಲ್ಪವೇ ತಿನ್ನಬೇಕು. ಮೇವು ಹಾಕುವವರು ದಿನಕ್ಕೆ ಎರಡು ಮೂರು ಸಲ ಹೊತ್ತಿಗೆ ಸರಿಯಾಗಿ ಬರಬೇಕು. ಹೊತ್ತು ತಪ್ಪಿದರೆ ಅವು ನೆಲ ಕೆರೆದು, ಬಾಗಿಲು ಒದ್ದು, ಕೆನೆದು ಕರೆಯುತ್ತವೆ.

ಆಮೇಲೆ ಲದ್ದಿ. ಹುಲ್ಲುಗಾವಲಿಗೆ ಬಿಟ್ಟ ಕುದುರೆ ಹಿಂದಿರುಗುವುದರೊಳಗೆ ಅಂಕಣ ಬಾಚಿ, ನೆನೆದ ಮರದ ಹೊಟ್ಟು ತೆಗೆದು, ಒಣ ಹೊಟ್ಟು ಹರಡಬೇಕು. ಆಮೇಲೆ ಗೊರಸು. ನಾಲ್ಕೂ ಕಾಲು ಒಂದೊಂದಾಗಿ ಎತ್ತಿ, ಸಿಕ್ಕಿದ ಕಲ್ಲು, ಕೆಸರು, ಹೆಪ್ಪುಗಟ್ಟಿದ ಹಿಮ ಕೆದರಿ ತೆಗೆಯಬೇಕು. ಬೇಸಿಗೆಯಲ್ಲಿ ನೊಣ, ಚಳಿಗಾಲದಲ್ಲಿ ಹಿಮ, ವಸಂತದಲ್ಲಿ ಮೊಣಕಾಲುದ್ದ ಕೆಸರು. ವರ್ಷದ 365 ದಿನವೂ ಇದರಿಂದ ರಜೆಯಿಲ್ಲ.

ಕ್ಯೂಮಿನ್ ತಮ್ಮ ಪ್ರಬಂಧಗಳಲ್ಲಿ ಈ ಕೆಲಸಗಳನ್ನು ಬಿಡದೆ ಬರೆದರು. 1987ರ ‘ಇನ್ ಡೀಪ್’, 1994ರ ‘ವಿಮೆನ್, ಅನಿಮಲ್ಸ್, ಆ್ಯಂಡ್ ವೆಜಿಟಬಲ್ಸ್’ ಪುಸ್ತಕಗಳನ್ನು ಓದಿದರೆ ಹೊಲಗದ್ದೆ ಕಂಡ ಯಾರಿಗಾದರೂ ಇದು ನಮ್ಮವರ ಬರಹ ಅನಿಸುತ್ತದೆ. ಹಳ್ಳಿಯನ್ನು ದೂರದಿಂದ ನೋಡಿ ಕಣ್ಣು ತುಂಬಿಕೊಳ್ಳುವ ಬರಹಗಾರರು ಬೇಕಾದಷ್ಟಿದ್ದಾರೆ. ಬೇಲಿಯ ಕಂಬ ಎಷ್ಟು ಆಳಕ್ಕೆ ಹೂಳಬೇಕು, ಗಬ್ಬದ ಕುದುರೆಯ ಕೆಚ್ಚಲು ಯಾವಾಗ ಬಿಗಿಯುತ್ತದೆ ಎಂದು ತಿಳಿದು ಬರೆಯುವವರು ಕಡಿಮೆ.

[ಬಾಕ್ಸ್] ಒಂದು ಕುದುರೆ, ಒಂದು ದಿನ

ತೂಕ: ಸಾಮಾನ್ಯ ಸವಾರಿ ಕುದುರೆ 400ರಿಂದ 550 ಕೆ.ಜಿ.
ಮೇವು: ಒಣಹುಲ್ಲೇ ಮುಖ್ಯವಾದರೆ ಸುಮಾರು 8ರಿಂದ 10 ಕೆ.ಜಿ.
ನೀರು: 25ರಿಂದ 45 ಲೀಟರ್, ಸೆಖೆ, ದುಡಿಮೆ ಹೆಚ್ಚಿದರೆ ಇನ್ನೂ ಹೆಚ್ಚು.
ಲದ್ದಿ: 15ರಿಂದ 20 ಕೆ.ಜಿ. ತನಕ.
ಗೊರಸು: 6ರಿಂದ 8 ವಾರಕ್ಕೊಮ್ಮೆ ಕತ್ತರಿಸಬೇಕು. ಲಾಳ ಹೊಡೆಸಿದ್ದರೆ ಬಿಚ್ಚಿ ಮತ್ತೆ ಹೊಡೆಸಬೇಕು.
ಗಬ್ಬ: ಸುಮಾರು 11 ತಿಂಗಳು. ಹುಟ್ಟಿದ ಮರಿ ಒಂದೆರಡು ಗಂಟೆಯಲ್ಲಿ ಎದ್ದು ನಿಂತು ಹಾಲು ಹುಡುಕುತ್ತದೆ.
ಕುದುರೆ ವಾಂತಿ ಮಾಡಲಾರದು. ತಿಂದದ್ದು ಕೆಟ್ಟರೆ ಹೊರಹಾಕುವ ದಾರಿಯಿಲ್ಲ.
ಆಯುಸ್ಸು: ಚೆನ್ನಾಗಿ ನೋಡಿಕೊಂಡರೆ 25ರಿಂದ 30 ವರ್ಷ.

ಲದ್ದಿಗೂ ಒಂದು ಕವಿತೆ

‘ದಿ ಎಕ್ಸ್‌ಕ್ರಿಮೆಂಟ್ ಪೋಯೆಮ್’ ಅವರ ಹೆಸರಾದ ಕವಿತೆಗಳಲ್ಲೊಂದು. ಲಾಯ ಬಾಚುವ ಬೆಳಗಿನ ಕೆಲಸವೇ ಅದರ ವಸ್ತು. ಲದ್ದಿಯ ಉಂಡೆ, ಅದನ್ನು ಕೆದಕುವ ಗುಬ್ಬಿ, ಗೊಬ್ಬರದ ಗುಡ್ಡೆಯಲ್ಲಿ ಮಳೆ ಬಿದ್ದಾಗ ಏಳುವ ಅಣಬೆ ಎಲ್ಲವನ್ನೂ ಗೌರವದಿಂದ ನೋಡುವ ಕವಿತೆ. ತಿಂದದ್ದು ಕರಗಿ ಹೊರಬಂದಿದೆ ಎಂದರೆ ಜೀವ ನಡೆಯುತ್ತಿದೆ ಎಂದರ್ಥ. ಹೊಟ್ಟೆಶೂಲೆ ಬಂದ ಕುದುರೆಯ ಪಕ್ಕ ರಾತ್ರಿಯಿಡೀ ಕೂತು, ಬೆಳಗಿನ ಜಾವ ಅದು ಲದ್ದಿ ಹಾಕಿದ್ದನ್ನು ಕಂಡು ನಿಟ್ಟುಸಿರು ಬಿಟ್ಟವರಿಗೆ ಈ ಕವಿತೆಯನ್ನು ವಿವರಿಸಿ ಹೇಳಬೇಕಿಲ್ಲ.

ಅವರು ಪ್ರಾಸ, ಛಂದಸ್ಸು ಬಿಡದ ಕವಿ. ಓರಗೆಯವರು ಮುಕ್ತಛಂದದ ಕಡೆ ಹೊರಟಾಗಲೂ ಇವರು ಸಾನೆಟ್ ಬರೆದರು, ಅಂತ್ಯಪ್ರಾಸ ಹೊಂದಿಸಿದರು. ವಸ್ತು ನೋವಿನದಾದಷ್ಟೂ ಕಟ್ಟು ಬಿಗಿಯಾಗಿರಬೇಕು ಎಂಬುದು ಅವರ ಅನುಭವ. ಅದನ್ನು ಓದುವಾಗ ನನಗೆ ಅವರ ಹುಲ್ಲುಗಾವಲಿನ ಬೇಲಿ ನೆನಪಾಗುತ್ತದೆ: ಗಟ್ಟಿ ಬೇಲಿಯೊಳಗೆ ಮಾತ್ರ ಮರಿಕುದುರೆಯನ್ನು ಹಗ್ಗವಿಲ್ಲದೆ ಬಿಡಬಹುದು.

ಆ ಬಿಗಿಯೊಳಗೆ ಅವರು ಕಠೋರವಾದದ್ದನ್ನೂ ಹೇಳಿದರು. ಅಮೆರಿಕದ ಶಾಲಾ ಕಾಲೇಜುಗಳಲ್ಲಿ ಪಠ್ಯವಾಗಿರುವ ‘ವುಡ್‌ಚಕ್ಸ್’ ನೋಡಿ. ತರಕಾರಿ ಮಡಿ ಹಾಳುಮಾಡುವ ಹೆಗ್ಗಣದಂಥ ಪ್ರಾಣಿಗಳ ಕಾಟ. ಅವನ್ನು ಬಿಲದಲ್ಲೇ ಕೊಲ್ಲಲು ವಿಷದ ಹೊಗೆ ಹಾಕುವುದು ಫಲಿಸುವುದಿಲ್ಲ. ಶಾಂತಿಪ್ರಿಯೆ ಎಂದುಕೊಂಡಿದ್ದ ತೋಟದ ಯಜಮಾನಿ ಬಂದೂಕು ಎತ್ತುತ್ತಾಳೆ. ಒಂದು ಬೀಳುತ್ತದೆ, ಇನ್ನೊಂದು, ಮತ್ತೊಂದು. ಕೊಲ್ಲುವುದರ ರುಚಿ ಹತ್ತುತ್ತಿರುವುದು ಅವಳಿಗೇ ಕಾಣುತ್ತದೆ. ಕೊನೆಗೆ ನಾಜಿಗಳ ವಿಷಾನಿಲದ ನೆನಪು ಬಂದು ನಿಲ್ಲುತ್ತದೆ. ಯಹೂದಿ ಹೆಣ್ಣೊಬ್ಬಳು ತನ್ನ ಕಾಯಿಪಲ್ಲೆ ತೋಟದಲ್ಲಿ ನಿಂತು ಇದನ್ನು ಬರೆದಳು. ಪ್ರಾಣಿಪ್ರೀತಿಯ ಹೆಸರಿನಲ್ಲಿ ಬರುವ ಎಷ್ಟೋ ಸಿಹಿ ಬರಹಗಳಿಗಿಂತ ಈ ಒಂದು ಕವಿತೆ ದೊಡ್ಡದು.

ಬಾಯಿಪಾಠದ ಅಧ್ಯಾಪಕಿ

ಪಾಠ ಹೇಳುವ ಕೆಲಸ ಸಿಕ್ಕಿದ್ದು 1958ರಲ್ಲಿ, ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ. ಹೆಂಗಸಾದ್ದರಿಂದ ಸಾಹಿತ್ಯದ ವಿದ್ಯಾರ್ಥಿಗಳು ಕೈಗೆ ಬರಲಿಲ್ಲ. ದೈಹಿಕ ಶಿಕ್ಷಣ ಓದುವವರಿಗೆ, ದಂತ ತಂತ್ರಜ್ಞರಾಗುವವರಿಗೆ ಪ್ರಬಂಧ ರಚನೆ ಕಲಿಸುವುದಷ್ಟೇ ಪಾಲಿಗೆ ಬಂತು. ಅದನ್ನೂ ಮನಸ್ಸಿಟ್ಟು ಮಾಡಿದರು. ಮುಂದೆ ದೊಡ್ಡ ವಿಶ್ವವಿದ್ಯಾಲಯಗಳೇ ಕರೆದವು. ತೋಟ ಬಿಟ್ಟು ದೂರ ಇರಬೇಕಾದ ಆ ತಿಂಗಳುಗಳಲ್ಲಿ ಕುದುರೆಗಳ ಹೊಣೆ ವಿಕ್ಟರ್ ಹೆಗಲಿಗೆ. ಬೇಲಿ, ಲಾಯ, ಕೊಳ ಎಲ್ಲದರಲ್ಲೂ ಎಂಜಿನಿಯರ್ ಗಂಡನ ಕೈಯಿತ್ತು. 67 ವರ್ಷ ಬಾಳಿದ ದಾಂಪತ್ಯ ಅದು.

ಅವರ ತರಗತಿಯಲ್ಲಿ ಒಂದು ನಿಯಮ ಗಟ್ಟಿ: ವಾರ ವಾರವೂ ಒಂದಿಷ್ಟು ಸಾಲು ಕವಿತೆ ಬಾಯಿಪಾಠ ಮಾಡಿಕೊಂಡು ಬರಬೇಕು. ಹುಡುಗರು ಗೊಣಗುತ್ತಿದ್ದರು. ಕ್ಯೂಮಿನ್ ಸಮಾಧಾನವಾಗಿ ಹೇಳುತ್ತಿದ್ದ ಕಾರಣ ಇದು: ನಾಳೆ ನೀವು ರಾಜಕೀಯ ಕೈದಿಗಳಾಗಿ ಸೆರೆಮನೆ ಸೇರಿದರೆ ಪುಸ್ತಕ ಕಸಿದುಕೊಳ್ಳುತ್ತಾರೆ, ತಲೆಯೊಳಗೆ ಇದ್ದದ್ದನ್ನು ಯಾರೂ ಕಸಿಯಲಾರರು. ಕಂಠಪಾಠವನ್ನು ಹಳೆಯ ಕಾಲದ ಹೊರೆ ಎಂದು ಶಾಲೆಗಳಿಂದ ಹೊರದಬ್ಬಿದ ಕಾಲದಲ್ಲಿ ಅವರು ಅದನ್ನು ಉಳಿಸಿಕೊಂಡರು. ಪದ್ಯ ನಾಲಗೆಯ ಮೇಲೆ ಕುಳಿತವರಿಗೇ ಅದರ ಲಯ ಕೈಗೆ ಇಳಿಯುತ್ತದೆ. ಸವಾರಿಯೂ ಹೀಗೆಯೇ ಕಲಿಯುವ ವಿದ್ಯೆ: ಕುದುರೆಯ ಹೆಜ್ಜೆ ಸೊಂಟಕ್ಕೆ ತಿಳಿಯುವ ತನಕ ಪುಸ್ತಕ ಓದಿ ಏನೂ ಬರುವುದಿಲ್ಲ.

1981ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಅವರನ್ನು ಕಾವ್ಯ ಸಲಹೆಗಾರ್ತಿಯಾಗಿ ನೇಮಿಸಿತು. ಇದೇ ಹುದ್ದೆ ಮುಂದೆ ಅಮೆರಿಕದ ಆಸ್ಥಾನ ಕವಿ ಎಂಬ ಹೆಸರು ಪಡೆಯಿತು. ವಾಷಿಂಗ್ಟನ್ನಿನ ಆ ಗಂಭೀರ ಕಟ್ಟಡದಲ್ಲಿ ಕ್ಯೂಮಿನ್ ಹೆಂಗಸರಿಗಾಗಿ ಕಾವ್ಯ ಕಮ್ಮಟಗಳನ್ನು ಶುರುಮಾಡಿದರು. ಜನ ಮುಗಿಬಿದ್ದು ಬಂದರು. ಗಂಡನ ಕಂಪನಿಯ ಪತ್ರವಿಲ್ಲದೆ ಪದ್ಯ ಅಚ್ಚಾಗದಿದ್ದ ದಿನಗಳಿಂದ ಅಲ್ಲಿಗೆ ಮೂವತ್ತು ವರ್ಷವೂ ಆಗಿರಲಿಲ್ಲ.

ಗೆಳತಿಯ ನೀಲಿ ಜಾಕೆಟ್

1974ರ ಅಕ್ಟೋಬರ್ 4. ಕ್ಯೂಮಿನ್ ಮತ್ತು ಸೆಕ್ಸ್‌ಟನ್ ಜೊತೆಗೆ ಮಧ್ಯಾಹ್ನದ ಊಟ ಮಾಡಿದರು. ಸೆಕ್ಸ್‌ಟನ್ನರ ಬರಲಿರುವ ಪುಸ್ತಕದ ಕರಡಚ್ಚು ತಿದ್ದಿದರು. ಮನೆಗೆ ಹಿಂದಿರುಗಿದ ಸೆಕ್ಸ್‌ಟನ್ ಅದೇ ದಿನ ಪ್ರಾಣ ಕಳೆದುಕೊಂಡರು. ವರ್ಷಗಳಿಂದ ಕಾಡುತ್ತಿದ್ದ ಮನೋವ್ಯಥೆ ಗೆದ್ದಿತ್ತು.

ಹದಿನೇಳು ವರ್ಷ ದಿನವೂ ಕೇಳಿದ ದನಿ ಇಲ್ಲವಾದಾಗ ಕ್ಯೂಮಿನ್ ‘ಹೌ ಇಟ್ ಈಸ್’ ಬರೆದರು. ಗೆಳತಿಯ ನೀಲಿ ಜಾಕೆಟ್ಟನ್ನು ತಾವು ತೊಟ್ಟ ಕವಿತೆ ಅದು. ಸೆಕ್ಸ್‌ಟನ್ನರ ಸಮಗ್ರ ಕವಿತೆಗಳಿಗೆ ಮುನ್ನುಡಿ ಬರೆದವರೂ ಅವರೇ. ಗೆಳತಿಯ ಸಾವನ್ನು ಅವರು ಆಮೇಲಿನ ದಶಕಗಳಲ್ಲೂ ಕವಿತೆಗಳಲ್ಲಿ ಮತ್ತೆ ಮತ್ತೆ ಎದುರಿಸಿದರು.

ಎರಡು ವರ್ಷದೊಳಗೆ ನ್ಯೂಟನ್ ಬಿಟ್ಟು ಬೆಟ್ಟಕ್ಕೆ ಹೋದದ್ದು ಇದರಿಂದಲೇ ಎಂದು ಹೇಳುವುದು ದುಡುಕಾದೀತು. ಆದರೆ ದುಃಖಕ್ಕೆ ಸಿಕ್ಕ ಮನುಷ್ಯನನ್ನು ಬೆಳಗ್ಗೆ ಹಾಸಿಗೆಯಿಂದ ಏಳಿಸುವುದು ಕಷ್ಟ ಎಂಬುದು ಎಲ್ಲರಿಗೂ ಗೊತ್ತಿದೆ. ಲಾಯದಲ್ಲಿ ಹಸಿದ ಕುದುರೆಗಳಿದ್ದರೆ ಏಳಲೇಬೇಕಾಗುತ್ತದೆ.

1998ರ ಜುಲೈ

ಅವರಿಗೆ 73 ವರ್ಷ. ಸವಾರಿಯ ಜೊತೆಗೆ ಕುದುರೆಗಾಡಿ ಓಡಿಸುವ ಸ್ಪರ್ಧೆಯ ಗೀಳೂ ಹತ್ತಿತ್ತು. ಪಕ್ಕದ ವರ್ಮಾಂಟ್ ರಾಜ್ಯದಲ್ಲಿ ನಡೆದ ಗಾಡಿ ತರಬೇತಿಗೆ ತಮ್ಮ ಕುದುರೆಯೊಂದಿಗೆ ಹೋಗಿದ್ದರು. ಲಾರಿಯ ಸದ್ದಿಗೆ ಕುದುರೆ ಬೆದರಿತು. ಕ್ಷಣದಲ್ಲಿ ನಾಗಾಲೋಟ. ಕ್ಯೂಮಿನ್ ಕೆಳಗೆ ಬಿದ್ದರು, ಗಾಡಿ ಮೈಮೇಲೆ ಹಾದುಹೋಯಿತು.

ಕುತ್ತಿಗೆಯ ಮೂಳೆ ಮುರಿಯಿತು. ಪಕ್ಕೆಲುಬುಗಳು ಮುರಿದವು, ಶ್ವಾಸಕೋಶಕ್ಕೆ ಪೆಟ್ಟಾಯಿತು. ಮುರಿದದ್ದು ತಲೆಬುರುಡೆಯ ಬುಡದಲ್ಲೇ ಇರುವ ಕಶೇರುಕಗಳು. ಅಲ್ಲಿ ನರದ ಹುರಿ ತುಂಡಾದರೆ ಉಸಿರೇ ನಿಲ್ಲುತ್ತದೆ. ಇಂಥ ಪೆಟ್ಟಿನಿಂದ ಬದುಕಿ ಬರುವವರು ತೀರಾ ವಿರಳ, ಬಂದವರಲ್ಲಿ ಮತ್ತೆ ನಡೆದಾಡುವವರು ಇನ್ನೂ ವಿರಳ.

[ಬಾಕ್ಸ್] ಕುದುರೆ ಏಕೆ ಬೆದರುತ್ತದೆ?

ಕುದುರೆ ಬೇಟೆಗೆ ಗುರಿಯಾಗುತ್ತ ಬೆಳೆದುಬಂದ ಪ್ರಾಣಿ. ಕೊಂಬಿಲ್ಲ, ಕೋರೆಯಿಲ್ಲ, ಓಟವೇ ರಕ್ಷಣೆ. ಕಣ್ಣು ತಲೆಯ ಎರಡು ಬದಿಗಿರುವುದರಿಂದ ಸುತ್ತಲಿನ ಬಹುಪಾಲು ಒಮ್ಮೆಲೇ ಕಾಣುತ್ತದೆ. ಮೂಗಿನ ನೇರಕ್ಕೆ ತೀರಾ ಹತ್ತಿರದ್ದು ಮತ್ತು ಬಾಲದ ಹಿಂದಿನದು ಮಾತ್ರ ಕಾಣದು. ಹಿಂದಿನಿಂದ ಬರುವ ಅಪರಿಚಿತ ಸದ್ದಿಗೆ ಅದು ಮೊದಲು ಓಡುತ್ತದೆ, ಆಮೇಲೆ ತಿರುಗಿ ನೋಡುತ್ತದೆ. ಗಾಡಿಗೆ ಕಟ್ಟಿದ ಕುದುರೆ ಓಡಿದಷ್ಟೂ ಗಾಡಿಯ ಸದ್ದೇ ಬೆನ್ನಟ್ಟಿ ಬಂದಂತಾಗಿ ಭಯ ಇಮ್ಮಡಿಸುತ್ತದೆ. ಹಿಂದಿನ ಗಾಡಿ ಕಣ್ಣಿಗೂ ಬಿದ್ದು ಬೆದರದಿರಲೆಂದೇ ಗಾಡಿ ಕುದುರೆಗೆ ಕಣ್ಣುಪಟ್ಟಿ ಕಟ್ಟುತ್ತಾರೆ.

ಮುರಿದ ಕುತ್ತಿಗೆಯ ಮೂಳೆ ಕೂಡುವ ತನಕ ತಲೆ ಕೂದಲೆಳೆಯಷ್ಟೂ ಅಲುಗಬಾರದು. ಅದಕ್ಕೆ ‘ಹೇಲೋ’ ಎಂಬ ಲೋಹದ ಬಳೆಯನ್ನು ತಲೆಯ ಸುತ್ತ ಹಾಕಿ, ಬುರುಡೆಗೆ ನಾಲ್ಕು ಕಡೆ ತಿರುಪು ಬಿಗಿದು, ಎದೆಯ ಕವಚಕ್ಕೆ ಸರಳುಗಳಿಂದ ಜೋಡಿಸುತ್ತಾರೆ. ಹಗಲು ರಾತ್ರಿ, ತಿಂಗಳುಗಟ್ಟಲೆ ಅದೇ ಪಂಜರದಲ್ಲಿ ಇರಬೇಕು. ಮಲಗುವುದು ಕಷ್ಟ, ನುಂಗುವುದು ಕಷ್ಟ, ಕೆಳಗೆ ಕಣ್ಣು ಹಾಯಿಸಿ ಪುಸ್ತಕ ಓದುವುದಂತೂ ಆಗದ ಮಾತು. ಪೆನ್ನು ಹಿಡಿಯಲಾಗದ ದಿನಗಳಲ್ಲಿ ಅವರು ಹೇಳುತ್ತ ಹೋದರು, ಮಗಳು ಬರೆದುಕೊಂಡಳು. ಆ ದಿನಚರಿಯೇ 2000ದಲ್ಲಿ ‘ಇನ್‌ಸೈಡ್ ದ ಹೇಲೋ ಆ್ಯಂಡ್ ಬಿಯಾಂಡ್’ ಎಂಬ ಪುಸ್ತಕವಾಯಿತು.

ಆ ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ನೋವಿನ ವರ್ಣನೆಗಿಂತ ಕುದುರೆಯ ಬಗೆಗಿನ ಅವರ ನಿಲುವು. ತನ್ನನ್ನು ಸಾವಿನ ಬಾಗಿಲಿಗೆ ಎಳೆದೊಯ್ದ ಪ್ರಾಣಿಯ ಮೇಲೆ ಅವರಿಗೆ ಕೋಪವಿಲ್ಲ. ಕುದುರೆ ಕುದುರೆಯಾಗಿ ನಡೆದುಕೊಂಡಿತು, ಅಷ್ಟೇ. ಬೆದರುವುದು ಅದರ ಹುಟ್ಟುಗುಣ ಎಂದು ತಿಳಿದೇ ಅವರು ಜೀವಮಾನವೆಲ್ಲ ಅವುಗಳ ಜೊತೆ ಕಳೆದಿದ್ದರು. ಮೈ ಕೂಡಿಕೊಂಡ ಮೇಲೆ ಮತ್ತೆ ಲಾಯಕ್ಕೆ ಹೋದರು, ಮತ್ತೆ ಜೀನಿನ ಮೇಲೆ ಕೂತರು.

ಅದೇ 1998ರಲ್ಲಿ ಇನ್ನೊಂದು ನಡೆಯಿತು. ಅಮೆರಿಕನ್ ಕವಿಗಳ ಅಕಾಡೆಮಿಯ ಚಾನ್ಸೆಲರ್ ಮಂಡಳಿಯಲ್ಲಿ ಕ್ಯೂಮಿನ್ ಸದಸ್ಯೆ. ಹೆಂಗಸರಿಗೂ ಕರಿಯ ಕವಿಗಳಿಗೂ ಅಲ್ಲಿ ತಕ್ಕ ಸ್ಥಾನವಿಲ್ಲವೆಂದು ಪ್ರತಿಭಟಿಸಿ ಅವರು, ಕವಿ ಕ್ಯಾರೊಲಿನ್ ಕೈಜರ್ ಇಬ್ಬರೂ ರಾಜೀನಾಮೆ ಕೊಟ್ಟರು. ಮಂಡಳಿಯ ರಚನೆಯೇ ಬದಲಾಗಬೇಕಾಯಿತು. ಕುತ್ತಿಗೆ ಮುರಿದ ವರ್ಷವೂ ಬಗ್ಗದ ಕುತ್ತಿಗೆ ಅದು!

ಜಾಕ್ ಎಲ್ಲಿ ಹೋದ?

ಕುದುರೆ ಸಾಕುವುದರ ಕಷ್ಟದ ಪ್ರಶ್ನೆ ಕೊನೆಯಲ್ಲಿ ಬರುತ್ತದೆ. ಅದು 25–30 ವರ್ಷ ಬದುಕುವ ಪ್ರಾಣಿ. ಮುದಿಯಾಗಿ ಸವಾರಿಗೆ ಒದಗದಾದ ಮೇಲೂ ದಿನಕ್ಕೆ ಅಷ್ಟೇ ಹುಲ್ಲು, ಅಷ್ಟೇ ನೀರು ಬೇಕು. ಅಮೆರಿಕದಲ್ಲಿ ಬೇಡವಾದ ಕುದುರೆ ಹರಾಜಿಗೆ ಹೋಗಿ, ಅಲ್ಲಿಂದ ಕಸಾಯಿಖಾನೆ ಸೇರುವ ವ್ಯಾಪಾರ ಹಳೆಯದು. ಆ ದೇಶದೊಳಗಿನ ಕೊನೆಯ ಕುದುರೆ ಕಸಾಯಿಖಾನೆಗಳು 2007ರಲ್ಲಿ ಮುಚ್ಚಿದವು. ಆದರೆ ಗಡಿ ದಾಟಿಸಿ ಮೆಕ್ಸಿಕೊ, ಕೆನಡಾಗಳಿಗೆ ಸಾಗಿಸುವುದು ನಿಲ್ಲಲಿಲ್ಲ.

ಕ್ಯೂಮಿನ್ನರಿಗೆ ಈ ಭಯ ಮೊದಲಿನಿಂದಲೂ ಇತ್ತು. ಎಪ್ಪತ್ತರ ದಶಕದಲ್ಲೇ ತಮ್ಮ ಪ್ರೀತಿಯ ಹೆಣ್ಣುಕುದುರೆ ಅಮಾಂಡಾಳ ಮೇಲೆ ಬರೆದ ಕವಿತೆಯೊಂದರಲ್ಲಿ ಅದು ನಾಯಿ ತಿನಿಸಿನ ಡಬ್ಬಿ ಸೇರುವ ಆತಂಕವನ್ನು ಮುಚ್ಚಿಡದೆ ಹೇಳಿದ್ದರು.

ಆದರೂ ಒಂದು ಕುದುರೆ ಅವರ ಕೈತಪ್ಪಿತು. ಹೆಸರು ಜಾಕ್. ಸಾಧು ಸ್ವಭಾವದ ಕುದುರೆ. ಒಂದು ವಸಂತದಲ್ಲಿ, ಕೆಲಸದ ಗಡಿಬಿಡಿಯ ನಡುವೆ, ನಂಬಿದ ನೆರೆಯವರೊಬ್ಬರಿಗೆ ಅದನ್ನು ಬಿಟ್ಟುಕೊಟ್ಟರು. ಆ ನೆರೆಯವರು ಅದನ್ನು ಇನ್ಯಾರಿಗೋ ಮಾರಿದರು. ಹುಡುಕಿ ಹೋಗಬೇಕು ಎಂದುಕೊಂಡೇ ವರ್ಷಗಳು ಉರುಳಿದವು, ಹೋಗಲಾಗಲಿಲ್ಲ. ಲಾಯದಲ್ಲಿ ಕಳೆದ ಒಂದು ಹಳೆಯ ಚಳಿಗಾಲವನ್ನು ನೆನೆಯುತ್ತ ಬರುವ ಕವಿತೆ ಕೊನೆಗೆ ಜಾಕ್ ಎದುರು ತಲೆತಗ್ಗಿಸಿ ನಿಲ್ಲುತ್ತದೆ. 2005ರಲ್ಲಿ, ಎಂಬತ್ತನೆಯ ವಯಸ್ಸಿನಲ್ಲಿ ತಂದ ಸಂಕಲನಕ್ಕೆ ಅವರು ಆ ಕುದುರೆಯ ಹೆಸರನ್ನೇ ಇಟ್ಟರು: ‘ಜಾಕ್ ಆ್ಯಂಡ್ ಅದರ್ ನ್ಯೂ ಪೋಯೆಮ್ಸ್’.

ಸಾವಿರ ಬೆಳಗು ಮಂಜುಗಡ್ಡೆ ಒಡೆದ ಕೈಗೂ ಒಂದು ಬಾಕಿ ಉಳಿಯಿತು. ಅದನ್ನು ಮುಚ್ಚಿಡದೆ ಪುಸ್ತಕದ ರಕ್ಷಾಪುಟಕ್ಕೇ ತಂದು ನಿಲ್ಲಿಸಿದ್ದು ನನ್ನ ಕಣ್ಣಿಗೆ ಪುಲಿಟ್ಜರಿಗಿಂತ ದೊಡ್ಡ ವಿಷಯ.

2014ರ ಫೆಬ್ರುವರಿ 6ರಂದು, ವಾರ್ನರ್‌ನ ಅದೇ ತೋಟದ ಮನೆಯಲ್ಲಿ, 88ನೆಯ ವಯಸ್ಸಿನಲ್ಲಿ ಕ್ಯೂಮಿನ್ ತೀರಿಕೊಂಡರು. ಕೊನೆಯ ಸಂಕಲನ ‘ಆ್ಯಂಡ್ ಶಾರ್ಟ್ ದ ಸೀಸನ್’ ಅದೇ ವರ್ಷ ಬಂತು, ಆತ್ಮಕಥನ ‘ದ ಪಾನ್‌ಬ್ರೋಕರ್ಸ್ ಡಾಟರ್’ ಮರುವರ್ಷ.

ಓದಲು ಹೊರಟವರು ಪ್ರಶಸ್ತಿ ಬಂದ ಪುಸ್ತಕದಿಂದಲೇ ಶುರುಮಾಡಬೇಕಿಲ್ಲ. ನನ್ನ ಸಲಹೆ ಕೇಳುವುದಾದರೆ ಮೊದಲು ‘ಇನ್ ಡೀಪ್’ ಪ್ರಬಂಧಗಳು, ಆಮೇಲೆ ಲದ್ದಿಯ ಕವಿತೆ, ಅದಾದ ಮೇಲೆ ‘ಜಾಕ್’. ‘ಜಾಕ್’ ಅನ್ನು ಗಟ್ಟಿಯಾಗಿ ಓದಿ; ಸಾಧ್ಯವಾದರೆ ಅವರ ವಿದ್ಯಾರ್ಥಿಗಳಂತೆ ಬಾಯಿಪಾಠ ಮಾಡಿ.